ಹಳೆ ಅಂಗಿ ಎಷ್ಟು ವರ್ಷ ಇಟ್ಕೊಳ್ತೀರಿ? ಮಳೆ ಹಿಡಿಯುವ ಮೊದಲು ಒಂದು ತೀರ್ಮಾನ ಆಗ್ಬೇಕು

ತೋಟದಮನೆ (ಕಾಸರಗೋಡಿನ ಬದಿಯಡ್ಕ ಹತ್ರ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಆದ್ರೆ ನಮ್ಮ ಮನೆಯಲ್ಲಿ ಮೂರು ದಿನದಿಂದ ಇದೇ ಚರ್ಚೆ. ಹಳೆ ಬಟ್ಟೆ ಎಷ್ಟು ಸಮಯ ಇಟ್ಕೊಳ್ಬೇಕು, ಯಾವಾಗ "ಇನ್ನು ಸಾಕು" ಅಂತ ಹೇಳ್ಬೇಕು?

ನಮ್ಮಲ್ಲಿ ಅಂಗಿಗೆ ಮೆಟ್ಟಿಲು ಉಂಟು, ನಿಮ್ಮಲ್ಲಿಯೂ ಇರಬಹುದು. ಹೊಸ ಅಂಗಿ ಮೊದಲು ಮದುವೆ, ಉಪನಯನಕ್ಕೆ. ಎರಡು ವರ್ಷ ಕಳೆದ್ರೆ ಪೇಟೆಗೆ, ಬ್ಯಾಂಕಿಗೆ. ಮತ್ತೆ ಮನೆಯಲ್ಲಿ ಹಾಕ್ಲಿಕ್ಕೆ, ಅಲ್ಲಿಂದ ತೋಟಕ್ಕೆ, ಕಡೆಗೆ ಅಡಿಕೆಗೆ ಕೊಳೆರೋಗದ ಮದ್ದು ಬಿಡ್ಲಿಕ್ಕೆ (ಸ್ಪ್ರೇ ಮಾಡ್ಲಿಕ್ಕೆ). ಮದ್ದು ಬಿಡುವ ಅಂಗಿ ಅಂದ್ರೆ ಅಡಿಕೆಯವರಿಗೆ ಹೇಳ್ಬೇಕಾದ್ದಿಲ್ಲ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು ಒಂದು ಕಿಲೋ ಸುಣ್ಣ, ಅದರ ಹನಿ ಬಿದ್ದು ಬಿದ್ದು ಆ ಅಂಗಿಯ ಮೂಲ ಬಣ್ಣ ಎಂತ ಇತ್ತು ಅಂತ ಹೊಲಿದ ಟೈಲರಿಗೂ ಹೇಳ್ಲಿಕ್ಕೆ ಆಗ್ಲಿಕ್ಕಿಲ್ಲ. ಅಲ್ಲಿಂದ ಆಚೆ ಪಂಪ್‌ಸೆಟ್ಟು ಒರೆಸ್ಲಿಕ್ಕೆ.

ಅಪ್ಪನ ಕಾಲದಲ್ಲಿ ಇದು ಸರಿಯಾಗಿ ನಡೀತಾ ಇತ್ತು. ಅವರಿಗೆ ಇದ್ದದ್ದೇ ಐದೋ ಆರೋ ಅಂಗಿ, ಎಲ್ಲ ಕಾಟನ್ನು, ಮೇಲಿಂದ ಒಂದು ಇಳಿಯುವಾಗ ಕೆಳಗಿದ್ದದ್ದು ಒಂದು ಹರಿದು ಮುಗಿದಿರ್ತಿತ್ತು. ನನ್ನ ಸಮಸ್ಯೆ ಎಂತ ಅಂದ್ರೆ ಮೇಲಿಂದ ಇಳಿಯೂದು ನಿಲ್ಲೂದಿಲ್ಲ, ಕೆಳಗಿನದ್ದು ಹರಿಯೂದೇ ಇಲ್ಲ. ಪಾಲಿಯೆಸ್ಟರ್ ಮಿಕ್ಸ್ ಅಂಗಿ, ಕ್ರಿಕೆಟ್ ಟೂರ್ನಮೆಂಟಿನ ಟೀಶರ್ಟು, ಯಾರದ್ದೋ ಗೃಹಪ್ರವೇಶಕ್ಕೆ ಕೊಟ್ಟದ್ದು, ಎಲ್ಲ ತೋಟದ ಮೆಟ್ಟಿಲಿಗೆ ಬಂದು ಕೂತಿದೆ. ಮೊನ್ನೆ ಲೆಕ್ಕ ಮಾಡಿದೆ. ತೋಟಕ್ಕೆ ಹಾಕುವ ಅಂಗಿ ಅಂತಲೇ 23 ಉಂಟು. ತೋಟ ಇರೂದು ಒಂದೂವರೆ ಎಕ್ರೆ.

ಹೆಂಡತಿ ಹೇಳೂದು ಎರಡು ವರ್ಷ ಮೈಗೆ ಹಾಕದ್ದು ಹೊರಗೆ ಹೋಗ್ಬೇಕು ಅಂತ. ಅಮ್ಮ ಹೇಳೂದು ಹರಿಯದ ವಸ್ತ್ರ ಬಿಸಾಡೂದು ಅಂದ್ರೆ ಅನ್ನ ಬಿಸಾಡಿದ ಹಾಗೆ ಅಂತ. ನಾನು ಇಬ್ಬರಿಗೂ ಹೌದು ಹೌದು ಹೇಳಿ ತೋಟಕ್ಕೆ ಹೋಗೂದು. ಈಗ ಮೇ ತಿಂಗಳು ಮುಗೀತಾ ಬಂತು, ಮಳೆ ಹಿಡಿದ್ರೆ ಕಪಾಟು ಪೂರ ಬೂಷ್ಟು. ನಿಮ್ಮಲ್ಲಿ ಎಂತ ಕ್ರಮ ಹೇಳಿ ಮಾರಾಯ್ರೆ.

---

ಕುಂಬಳೆ ಟೀಚರ್

ನಿಮ್ಮ ಪ್ರಶ್ನೆಯ ಕಡೇ ಸಾಲಿನಲ್ಲೇ ಉತ್ತರ ಉಂಟು. ಬೇರೆ ಊರಿನವರು ವರ್ಷ ಲೆಕ್ಕ ಹಾಕ್ಲಿ, ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ನಮ್ಮ ಕಡೆ ಮಳೆಗಾಲ ಲೆಕ್ಕ ಹಾಕ್ಬೇಕು. ಒಂದು ಅಂಗಿ ಮೂರು ಬೇಸಿಗೆಯಲ್ಲಿ ಹಾಳಾಗೂದಿಲ್ಲ, ಒಂದು ಜುಲೈಯಲ್ಲಿ ಹಾಳಾಗ್ತದೆ. ಕಪಾಟು ಎಷ್ಟು ಗಿಜಿಗಿಜಿ ಇರ್ತದೋ ಅಷ್ಟು ಬೇಗ ಬೂಷ್ಟು ಬರೂದು, ಯಾಕಂದ್ರೆ ಒಳಗೆ ಗಾಳಿ ಆಡ್ಲಿಕ್ಕೆ ಜಾಗ ಇಲ್ಲ. ನಿಮ್ಮ 23 ತೋಟದ ಅಂಗಿ ಏನು ಮಾಡ್ತದೆ ಅಂದ್ರೆ ಪಕ್ಕದಲ್ಲಿರುವ ನಾಲ್ಕು ಒಳ್ಳೆ ಅಂಗಿಯನ್ನೂ ಹಾಳು ಮಾಡ್ತದೆ. ಇದನ್ನು ನಿಮ್ಮ ಅಮ್ಮನಿಗೆ ಹೇಳಿ, ಬಿಸಾಡು ಅಂತ ಹೇಳ್ಬೇಡಿ.

ನನ್ನ ಕ್ರಮ ಇಷ್ಟೇ. ಮೇ ಕಡೇ ವಾರ ಎಲ್ಲವನ್ನೂ ಅಂಗಳಕ್ಕೆ ತಂದು ಒಂದು ದಿನ ಬಿಸಿಲಿಗೆ ಹಾಕೂದು, ಬಣ್ಣದ್ದನ್ನು ಒಳಮೈ ಹೊರಗೆ ಮಾಡಿ. ಸಂಜೆ ಮಡಚುವಾಗ ಒಂದೊಂದನ್ನೇ ಮೂಸಿ ನೋಡೂದು. ನಗ್ಬೇಡಿ, ನಿಜ ಹೇಳ್ತಿದ್ದೇನೆ. ಇಡೀ ದಿನ ಬಿಸಿಲು ತಿಂದ ಮೇಲೆಯೂ ಮುಗ್ಗಲು ವಾಸನೆ ಬಂದ್ರೆ ಅದು ನೂಲಿನ ಒಳಗೇ ಕೂತಿದೆ ಅಂತ ಅರ್ಥ, ಅದನ್ನು ವಾಪಸ್ ಕಪಾಟಿಗೆ ಹಾಕೂದಿಲ್ಲ. ಮೊಣಕೈ ಹತ್ರ, ಕಾಲರ್ ಒಳಗೆ ಕರಿ ಚುಕ್ಕೆ ಬಿದ್ದದ್ದೂ ಹಾಗೇ, ಆ ಚುಕ್ಕೆ ತೆಗೆಯುವಷ್ಟು ಬ್ಲೀಚ್ ಹಾಕಿದ್ರೆ ಬಟ್ಟೆಯೇ ಹೋಗ್ತದೆ.

ಇನ್ನು ವರ್ಷದ ಲೆಕ್ಕ ಯಾಕೆ ಸುಳ್ಳು ಅಂತ ಹೇಳ್ತೇನೆ. ಮೊದಲ ಸಂಬಳದಲ್ಲಿ ಒಂದು ಕಾಸರಗೋಡು ಸೀರೆ ತಗೊಂಡಿದ್ದೆ, ನಮ್ಮ ಶಾಲಿಯರು ಕೈಮಗ್ಗದಲ್ಲಿ ನೇಯುವ ಕಾಟನ್ ಸೀರೆ, ಈಗ ಅದಕ್ಕೆ ಜಿಐ ಟ್ಯಾಗ್ ಕೂಡ ಉಂಟಲ್ಲ. 2005ರದ್ದು. ಶಾಲೆಗೆ ವಾರಕ್ಕೊಮ್ಮೆಯಾದ್ರೂ ಉಟ್ಟಿದ್ದೇನೆ. ಮೊದಲ ಒಂದು ವರ್ಷ ರಟ್ಟಿನ ಹಾಗೆ ನಿಲ್ತಿತ್ತು, ಒಗೆದು ಒಗೆದು ಈಗ ಹೇಗಾಗಿದೆ ಅಂದ್ರೆ ಹೊಸ ಸೀರೆ ಉಡ್ಲಿಕ್ಕೆ ಮನಸ್ಸೇ ಬರೂದಿಲ್ಲ. ಹಿಮ್ಮಡಿಗೆ ತಾಗುವ ಕಡೆ ಅಂಚು ಎಳೆ ಬಿಟ್ಟಿತ್ತು, ಫಾಲ್ ಬದಲಾಯಿಸಿದೆ, ಮುಗೀತು. ಅದೇ ಹೋದ ವರ್ಷ ಆನ್‌ಲೈನಲ್ಲಿ ತರಿಸಿದ ಟಾಪು ಆರನೇ ಒಗೆತಕ್ಕೆ ಒಂದು ಬದಿ ಮೊಣಕಾಲಿಗೆ ಒಂದು ಬದಿ ಸೊಂಟಕ್ಕೆ ಬಂತು.

---

ಉಪ್ಪಳದವ ಶಾರ್ಜಾದಲ್ಲಿ

ನಾನು ಹೇಳೂದು ಸಿಂಪಲ್. ಇಲ್ಲಿ ರೂಮಲ್ಲಿ ಆರು ಜನ, ಒಬ್ಬೊಬ್ಬನಿಗೆ ಅರ್ಧ ಕಪಾಟು. ಒಂದು ಹೊಸದು ಬಂತಾ ಒಂದು ಹಳೆದು ಹೋಗ್ಬೇಕು, ಬೇರೆ ದಾರಿಯೇ ಇಲ್ಲ. ಊರಿಗೆ ಬರುವಾಗ ಲಗೇಜಿನ ಕಿಲೋ ಲೆಕ್ಕ ಬೇರೆ, ಹಳೆ ಜೀನ್ಸ್ ತೂಕ ಮಾಡಿ ತರ್ತೇನಾ ಮಕ್ಕಳಿಗೆ ಮಿಠಾಯಿ ತರ್ತೇನಾ. ಒಂದೇ ಕಪಾಟಿನಲ್ಲಿ ಬದುಕಿ ನೋಡಿ, ಗೊತ್ತಾಗ್ತದೆ ಎಷ್ಟು ಬೇಕು ಅಂತ. ನಂದು ಒಟ್ಟು ಏಳು ಅಂಗಿ.

ಆದ್ರೆ ಊರಿನ ಮನೆಯಲ್ಲಿ ಉಮ್ಮ ನನ್ನ ಹತ್ತನೇ ಕ್ಲಾಸಿನ ಯೂನಿಫಾರ್ಮ್ ಇಟ್ಟಿದ್ದಾರೆ, ಅದರ ಬಗ್ಗೆ ನಾನು ಮಾತಾಡೂದಿಲ್ಲ.

---

ತೋಟದಮನೆ

@ಉಪ್ಪಳದವ ಏಳು ಅಂಗಿ ಶಾರ್ಜಾಕ್ಕೆ ಸಾಕು ಭಾವ, ಇಲ್ಲಿ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಒಗೆದದ್ದು ನಾಲ್ಕು ದಿನ ಒಣಗೂದಿಲ್ಲ. ಬಚ್ಚಲಿನ ಹಂಡೆ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ್ರೆ ಹೊಗೆ ವಾಸನೆ ಬೇರೆ. ಮಳೆಗಾಲಕ್ಕೆ ಅಂತ ಎರಡು ಸೆಟ್ ಹೆಚ್ಚು ಬೇಕೇ ಬೇಕು. ಆದ್ರೂ 23 ಬೇಡ ಅಂತ ನನಗೂ ಗೊತ್ತುಂಟು.

ಟೀಚರ್ ಹೇಳಿದ ಮೂಸುವ ಕ್ರಮ ನಾಳೆ ನೋಡ್ತೇನೆ.

---

ರಾಯದುರ್ಗ ಟೈಲರ್

ಸಾರ್ ನಮಸ್ತೆ. ನಮ್ಮದು ಆಂಧ್ರದ ರಾಯದುರ್ಗ, ಜೀನ್ಸ್ ಊರು, ಓಣಿ ಓಣಿಗೆ ಮಿಷನ್ ಸೌಂಡು. ಇಪ್ಪತ್ತು ವರ್ಷದಿಂದ ಹೊಲೀತಿದೀನಿ, ರಿಪೇರಿನೂ ಮಾಡ್ತೀನಿ, ಅದಕ್ಕೆ ನಾಲ್ಕು ಮಾತು ಜಾಸ್ತಿ ಆದ್ರೆ ಬೇಜಾರ್ ಮಾಡ್ಕೋಬೇಡಿ.

ನೀವು ಬಟ್ಟೆ ಹರಿಯೋದನ್ನ ಕಾಯ್ತಿದೀರಿ, ಅದೇ ತಪ್ಪು. ಬಟ್ಟೆ ಹರಿಯೋಕೆ ಮೊದಲು ತೆಳ್ಳಗಾಗ್ತೈತೆ. ಅಂಗಿನ ಎರಡೂ ಕೈಲಿ ಅಗಲ ಮಾಡಿ ಕಿಟಕಿ ಬೆಳಕಿಗೆ ಹಿಡೀರಿ. ನೋಡಬೇಕಾದ್ದು ಕಾಲರ್ ಮಡಿಕೆ, ಕಂಕುಳು, ಆಮೇಲೆ ಹೆಗಲ ಹಿಂದೆ ಯೋಕ್ (ಹೆಗಲ ಮೇಲಿನ ಪಟ್ಟಿ) ಸೇರೋ ಜಾಗ. ನಿಮ್ಮಲ್ಲಿ ಹೆಗಲ ಮೇಲೆ ಹೊರೆ ಹೊರೋರಿಗೆ ಯೋಕೇ ಮೊದಲು ಹೋಗೋದು. ಬೆಳಕು ಜರಡಿ ತರ ಬಂದ್ರೆ ಅಲ್ಲಿ ಎರಡು ಹೆಬ್ಬೆರಳು ಇಟ್ಟು ಮೆಲ್ಲಗೆ ಎಳೀರಿ. ತಡ್ಕೊಂಡ್ರೆ ಹೊಲಿಗೆಗೆ ಯೋಗ್ಯ. ಪರ್ ಅಂದ್ರೆ ದಾರ ದಂಡ, ಯಾಕಂದ್ರೆ ಹೊಲಿಗೆ ಗಟ್ಟಿ ಆದಷ್ಟೂ ಅದರ ಪಕ್ಕದ್ದು ಹರಿಯುತ್ತೆ. ಎಷ್ಟು ಜನ ತರ್ತಾರೆ ಗೊತ್ತಾ, ಪೂರ್ತಿ ಬೆಂದುಹೋಗಿರೋ ಬಟ್ಟೆಗೆ ಪ್ಯಾಚ್ ಹಾಕು ಅಂತ, ಹಾಕಿಕೊಡ್ತೀನಿ, ಹದಿನೈದು ದಿನಕ್ಕೆ ಪ್ಯಾಚ್ ಒಂದೇ ಉಳಿದಿರ್ತೈತೆ.

ಕಾಲರ್ ಒಂದೇ ಹೋಗಿದ್ರೆ ಅಂಗಿ ಬಿಡಬೇಡಿ. ಕಾಲರ್ ಬಿಚ್ಚಿ ತಿರುಗಿಸಿ ಹೊಲೀಬಹುದು, ಸವೆದ ಕಡೆ ಕೆಳಗೆ ಹೋಗ್ತೈತೆ, ಹೊಸದರ ತರ ಕಾಣುತ್ತೆ. ಮೊದಲೆಲ್ಲ ಮೇಷ್ಟ್ರು, ಗುಮಾಸ್ತರು ವರ್ಷಕ್ಕೊಂದು ಸಲ ಇದಕ್ಕೇ ಬರ್ತಿದ್ರು. ಈಗಿನ ಹುಡುಗ ಟೈಲರ್‌ಗಳಿಗೆ ಹೇಳಿದ್ರೆ ಮುಖ ನೋಡ್ತಾರೆ. ಒಂದು ಅರ್ಧ ಗಂಟೆ ಕೆಲಸ ಅಷ್ಟೇ.

ಜೀನ್ಸ್ ವಿಷಯ. ತೊಡೆ ಮಧ್ಯೆ ಉಜ್ಜಿ ಉಜ್ಜಿ ನೀಲಿ ಹೋಗಿ ಬಿಳಿ ಅಡ್ಡ ಎಳೆ ಕಾಣೋಕೆ ಶುರುವಾದಾಗ್ಲೇ ತಂದುಕೊಡಿ, ತೂತು ಬಿದ್ದಮೇಲೆ ಅಲ್ಲ. ಒಳಗಿಂದ ಒಂದು ತುಂಡು ಇಟ್ಟು ಅಡ್ಡಾದಿಡ್ಡಿ ಮಿಷನ್ ಓಡಿಸಿದ್ರೆ ಇನ್ನೂ ಎರಡು ವರ್ಷ. ಆದ್ರೆ ಲೈಕ್ರಾ ಇರೋ ಸ್ಟ್ರೆಚ್ ಪ್ಯಾಂಟಿಗೆ ಈ ಮಾತು ಬೇಡ. ಲೈಕ್ರಾ ಒಂದ್ಸಲ ಸತ್ತರೆ ಸತ್ತಂಗೆ, ಮೊಣಕಾಲು ಗೋಣಿಚೀಲ ಆಗ್ತೈತೆ, ಯಾವ ಟೈಲರೂ ಏನೂ ಮಾಡಕಾಗಲ್ಲ. ಬಿಸಿನೀರು, ಬ್ಲೀಚು, ಕಾದ ಇಸ್ತ್ರಿ ಅದರ ಶತ್ರು.

ಇನ್ನು ನಿಮ್ಮ ಪಾಲಿಯೆಸ್ಟರ್ ಹರಿಯಲ್ಲ, ನಿಜ. ಆದ್ರೆ ಬೆವರು ವಾಸನೆ ಬಿಡಲ್ಲ, ಒಗೆದು ಒಣಗಿಸಿ ಹಾಕ್ಕೊಂಡು ಹತ್ತು ನಿಮಿಷ ಬಿಸಿಲಲ್ಲಿ ನಿಂತ್ರೆ ಹಳೇ ವಾಸನೆ ಎದ್ದು ಬರ್ತೈತೆ. ಬಟ್ಟೆ ಮೇಲೆ ಗುಂಡುಗುಂಡು ನೂಲಿನ ಉಂಡೆ ಬೇರೆ. ಅದು ಗಟ್ಟಿ ಐತೆ ಅನ್ನೋದು ಇಟ್ಕೊಳ್ಳೋಕೆ ಕಾರಣ ಅಲ್ಲ ಸಾರ್, ಪ್ಲಾಸ್ಟಿಕ್ ಡಬ್ಬನೂ ಗಟ್ಟಿ ಇರ್ತೈತೆ.

---

ಕುಂಬಳೆ ಟೀಚರ್

ಪ್ಯಾಚ್ ಒಂದೇ ಉಳೀತದೆ 😄 ಟೈಲರ್ ಅವರೇ ನೀವು ಕುಂಬಳೆಯಲ್ಲಿ ಅಂಗಡಿ ಇಡಿ, ಕಾಲರ್ ತಿರುಗಿಸುವವರು ಇಲ್ಲಿ ಒಬ್ಬರೂ ಉಳಿದಿಲ್ಲ.

ಪಾಲಿಯೆಸ್ಟರ್ ಬಗ್ಗೆ ಇನ್ನೊಂದು ಸೇರಿಸ್ತೇನೆ. ಅದಕ್ಕೆ ಕಡೇ ಮೆಟ್ಟಿಲೂ ಇಲ್ಲ. ಹಳೆ ಕಾಟನ್ ಬೈರಾಸು (ಟವೆಲು) ಹರಿದ್ರೆ ಕೈಹಿಡಿ ಬಟ್ಟೆ ಆಗ್ತದೆ, ನೆಲ ಒರೆಸುವ ಬಟ್ಟೆ ಆಗ್ತದೆ. ಈ ಟೂರ್ನಮೆಂಟ್ ಟೀಶರ್ಟಲ್ಲಿ ನೆಲ ಒರೆಸಿ ನೋಡಿ, ನೀರು ಕುಡಿಯೂದೇ ಇಲ್ಲ, ಈ ಮೂಲೆಯ ನೀರನ್ನು ಆ ಮೂಲೆಗೆ ತಳ್ಳೂದು ಅಷ್ಟೆ. ಬಿಸಿ ಪಾತ್ರೆ ಹಿಡಿದ್ರೆ ಕರಗಿ ಕೈಗೆ ಅಂಟ್ತದೆ.

---

ಅಕ್ಕಲಕೋಟದಾಕಿ

ಟೀಚರ್ ಬಾಯಿ ಹೇಳಿದ್ದು ಖರೆ ಅದ. ನಮ್ಮ ಕಡಿ ಕೌದಿ ಹೊಲಿಯೂದಕ್ಕೂ ಹಂಗೇ ರೀ. ಹಳಿ ಕಾಟನ್ ಸೀರಿ, ಧೋತರ ಇದ್ರ ನಾಕ ಪದರ ಹಾಸಿ ಮ್ಯಾಲ ಬಣ್ಣಬಣ್ಣದ ತುಂಡ ಹಚ್ಚಿ ಸುತ್ತಲಿಂದ ಹೊಲಕೋತ ನಡಕ ಬರೂದು. ಸೂಜಿ ಬೆಣ್ಣ್ಯಾಗ ಹೋದಂಗ ಹೋಗ್ತದ. ನನ್ನ ಸೊಸಿ ಒಮ್ಮೆ ಟೆರಿಕಾಟ್ ಪ್ಯಾಂಟಿನ ತುಂಡ ಸೇರಿಸಿದ್ಳು, ಬಟ್ಟು ತೂತ ಬಿದ್ದು ಸೂಜಿ ಮುರದು ಬಿಟ್ಳು. ಮ್ಯಾಲ ಅಂಥಾ ಕೌದಿ ಚಳ್ಯಾಗ ಮೈಗೆ ಹತ್ತಂಗಿಲ್ಲ, ಜಾರ್ತದ.

ನಮ್ಮತ್ತಿ ಕೌದಿ ಮುಗಿಯೂ ಮುಂದ ಕಡೀ ಮೂಲಿ ಒಂದ ಬಿಡ್ತಿದ್ರು, ಅಲ್ಲಿ ಒಂದ ಚೂರ ಹೋಳಿಗಿ ಇಟ್ಟು ಹೊಲೀತಿದ್ರು. ಕೌದಿ ಹಸದು ಇರಬಾರದಂತ. ಯಾರ ಸೀರಿ ಯಾವ ಪದರದಾಗ ಅದ ಅಂತ ಅವರಿಗೆ ಗುರುತ ಇರ್ತಿತ್ತು.

ಎಷ್ಟು ವರ್ಷ ಇಡಬೇಕು ಅಂತ ಕೇಳೀರಿ. ನಮ್ಮಲ್ಲಿ ಅದನ್ನ ಭಾಂಡೆ ಮಾರಾಕ ಬರೂ ಹೆಣ್ಮಕ್ಕಳು ತೀರ್ಮಾನ ಮಾಡ್ತಿದ್ರು ನೋಡ್ರಿ. ತಲಿ ಮ್ಯಾಲ ಬುಟ್ಟಿ, ಬುಟ್ಟಿ ತುಂಬ ಸ್ಟೀಲ್ ಡಬ್ಬಿ. ಹಳಿ ಅರಿವಿ ಕೊಟ್ರ ಭಾಂಡೆ. ಕಟ್ಟಿ ಮ್ಯಾಲ ಕುಂತು ಒಂದೊಂದ ಅರಿವಿ ಬಿಚ್ಚಿ ಬೆಳಕಿಗೆ ಹಿಡದು ನೋಡ್ತಾರ, ಟೈಲರ್ ಅಣ್ಣ ಹೇಳಿದಂಗ. ಹರಕ ಇದ್ರ ಹಿಂದ ಒಗೀತಾರ. ಹಂಗಾಗಿ ನಾವು ಪೂರ್ತಿ ಹರಿಯೂತನಾ ಇಡ್ತಿರಲಿಲ್ಲ, ಇನ್ನೂ ಕಿಮ್ಮತ್ತ ಇದ್ದಾಗ ಕೊಟ್ಟು ಒಂದ ಡಬ್ಬಿ ತಗೋತಿದ್ವಿ. ಈಗ ಬರೂದು ಕಡಿಮಿ ಆಗ್ಯಾರ. ಬಂದ್ರೂ ಜೀನ್ಸ್ ಪ್ಯಾಂಟ್ ಅದಾವೇನ್ರಿ, ಜರಿ ಸೀರಿ ಅದಾವೇನ್ರಿ ಅಂತ ಕೇಳ್ತಾರ.

ಚಾದರ ವಿಷಯಕ್ಕ ಮಾತ್ರ ಕೇಳಬ್ಯಾಡ್ರಿ. ಸೋಲಾಪುರ ಚಾದರ ನನ್ನ ಲಗ್ನದಾಗ ಬಂದದ್ದು ಇನ್ನೂ ಹೊಚಕೋತೀವಿ, ನನ್ನ ಮಗಗ ಮೂವತ್ತೊಂದ ವರ್ಷ.

---

ಉಪ್ಪಳದವ ಶಾರ್ಜಾದಲ್ಲಿ

ಅಷ್ಟು ತಲೆಬಿಸಿ ಎಂತಕ್ಕೆ, ಯಾರಿಗಾದ್ರೂ ಬಡವರಿಗೆ ಕೊಟ್ಟರಾಯ್ತಲ್ಲ? ಎಲ್ಲಿಯಾದ್ರೂ ನೆರೆ ಬಂದಾಗ ಕಲೆಕ್ಷನ್ ಮಾಡ್ತಾರೆ.

---

ಕುಂಬಳೆ ಟೀಚರ್

ಇದಕ್ಕೆ ಸ್ವಲ್ಪ ಸಿಟ್ಟಿನಲ್ಲೇ ಉತ್ತರ ಕೊಡ್ತೇನೆ, ಬೇಸರ ಮಾಡ್ಬೇಡಿ. 2018ರ ನೆರೆಯ ಸಮಯ ಬಟ್ಟೆ ವಿಂಗಡಿಸ್ಲಿಕ್ಕೆ ನಾವು ಕೆಲವು ಟೀಚರ್‌ಗಳು ಕೂತಿದ್ದೆವು. ಗೋಣಿಯಿಂದ ಏನೇನು ಬಂತು ಗೊತ್ತುಂಟಾ? ಒಂಟಿ ಸಾಕ್ಸು. ಹುಕ್ಕು ಇಲ್ಲದ ರವಿಕೆ. ಯಾರದ್ದೋ ಒಳ ಅಂಗಿ, ಒಗೆಯದ್ದು. ಒಂದು ಮದುವೆ ಕೋಟು, ಆಗಸ್ಟ್ ತಿಂಗಳು, ಸೊಂಟದ ತನಕ ನೀರಲ್ಲಿ ನಿಂತವರಿಗೆ ಕೋಟು. ಮೂರು ಗೋಣಿಯಲ್ಲಿ ಒಂದು ಗೋಣಿಯಷ್ಟು ಕೊಡ್ಲಿಕ್ಕೆ ಆಗುವಂಥದ್ದು ಸಿಕ್ತು, ಉಳಿದದ್ದನ್ನು ಎಲ್ಲಿ ಹಾಕೂದು ಅಂತ ನಮಗೇ ಕಷ್ಟ ಆಯ್ತು. 2024ರಲ್ಲಿ ವಯನಾಡ್ ಭೂಕುಸಿತ ಆದಾಗ ಹಳೆ ಬಟ್ಟೆ ಬೇಡ ಅಂತ ಮೊದಲೇ ಹೇಳಿದ್ರು, ಯಾಕೆ ಅಂತ ನನಗೆ ಗೊತ್ತುಂಟು.

ನಿಮ್ಮ ತಮ್ಮನಿಗೆ ಇವತ್ತು ಸಂಜೆ ಹಾಕಿಕೊಂಡು ಪೇಟೆಗೆ ಹೋಗು ಅಂತ ಕೊಡುವ ಹಾಗಿದ್ರೆ ಮಾತ್ರ ಬೇರೆಯವರಿಗೂ ಕೊಡಿ. ಅಂದ್ರೆ ಕೊಡೂದಿದ್ರೆ ಮೇಲಿನ ಮೆಟ್ಟಿಲಿನಿಂದ ಕೊಡ್ಬೇಕು, ತೋಟದ ಮೆಟ್ಟಿಲಿನಿಂದ ಅಲ್ಲ. ಕೆಳಗಿನದ್ದನ್ನು ಹರಿತ ಕರ್ಮ ಸೇನೆಯವರಿಗೆ ಕೊಡಿ. ಪ್ಲಾಸ್ಟಿಕ್ ತೆಗೊಳ್ಳಿಕ್ಕೆ ತಿಂಗಳು ತಿಂಗಳು ಬರ್ತಾರಲ್ಲ, ಅವರೇ. ಬಟ್ಟೆಗೆ, ಚಪ್ಪಲಿಗೆ, ಗ್ಲಾಸಿಗೆ ಬೇರೆ ಬೇರೆ ತಿಂಗಳು ಇರ್ತದೆ, ನಿಮ್ಮ ವಾರ್ಡಿನವರ ಹತ್ರ ಕೇಳಿ ಇಟ್ಕೊಳ್ಳಿ. ಒಣಗಿಸಿ ಕೊಡಿ. ಹಿತ್ತಿಲಲ್ಲಿ ಹೊತ್ತಿಸ್ಬೇಡಿ, ಪಾಲಿಯೆಸ್ಟರ್ ಹೊಗೆ ಒಳ್ಳೆದಲ್ಲ, ಸಿಕ್ಕಿಬಿದ್ರೆ ಫೈನೂ ಉಂಟು.

---

ಉಪ್ಪಳದವ ಶಾರ್ಜಾದಲ್ಲಿ

ಆಯ್ತು ಟೀಚರ್ 🙏 ಕೋಟು ಕೊಟ್ಟದ್ದು ನಾನಲ್ಲ.

---

ತೋಟದಮನೆ

ರಿಪೋರ್ಟ್ ಕೊಡ್ತೇನೆ. ನಿನ್ನೆ ಬಿಸಿಲು ಒಳ್ಳೆದಿತ್ತು, ಅಡಿಕೆ ಒಣಗಿಸುವ ಅಂಗಳ ಪೂರ ಬಟ್ಟೆ. ಸಂಜೆ ಮೂಸಿದೆ, ಬೆಳಕಿಗೆ ಹಿಡಿದೆ, ಹೆಬ್ಬೆರಳು ಇಟ್ಟು ಎಳೆದೆ. ಟೈಲರ್ ಅಣ್ಣ ಹೇಳಿದ ಪರ್ ಸೌಂಡು ಮೊದಲ ಅಂಗಿಯಲ್ಲೇ ಬಂತು, ನಾನು ಅದನ್ನು ಒಳ್ಳೆ ಕಂಡೀಷನಲ್ಲಿ ಉಂಟು ಅಂತ ಗ್ರಹಿಸಿದ್ದೆ. 23ರಲ್ಲಿ ಉಳಿದದ್ದು 9. ಆರು ದಿನನಿತ್ಯಕ್ಕೆ, ಎರಡು ಮಳೆಗಾಲದ ಹೆಚ್ಚುವರಿ, ಒಂದು ಬಾಳೆಗೊನೆ ಕಡಿಯುವಾಗ, ಗೇರುಬೀಜ ಹೆಕ್ಕುವಾಗ. ಈ ಸೊನೆಯ ಕಲೆ ಹೇಗೂ ಹೋಗೂದಿಲ್ಲ, ಅದಕ್ಕೆ ಬೇರೆಯೇ ಒಂದು ಇದ್ರೆ ಉಳಿದದ್ದು ಬದುಕ್ತದೆ. ಟೂರ್ನಮೆಂಟಿನದ್ದು ಎಲ್ಲ ಗೋಣಿಗೆ ಹೋಯ್ತು. ಪೇಟೆ ಅಂಗಿ ಎರಡು ಕಾಲರ್ ಸವೆದದ್ದುಂಟು, ಮುಳ್ಳೇರಿಯದಲ್ಲಿ ಒಬ್ಬರು ಪ್ರಾಯದ ಟೈಲರ್ ಇದ್ದಾರೆ, ಅವರಿಗೆ ತಿರುಗಿಸ್ಲಿಕ್ಕೆ ಬರ್ತದಂತೆ.

ಅಮ್ಮ ಮೊದಲು ಬೊಬ್ಬೆ ಹಾಕಿದ್ರು. ಮತ್ತೆ ಟೀಚರ್ ಹೇಳಿದ ಹಾಗೆ, ಇದು ಒಳ್ಳೆ ಅಂಗಿಯನ್ನು ಹಾಳು ಮಾಡ್ತದೆ ಅಂತ ಹೇಳಿದೆ, ಸುಮ್ಮನಾದ್ರು. ಸ್ವಲ್ಪ ಹೊತ್ತಿಗೆ ಅವರೇ ಅಟ್ಟದ ಪೆಟ್ಟಿಗೆ ಇಳಿಸ್ಲಿಕ್ಕೆ ಹೇಳಿದ್ರು. ಅದರಲ್ಲಿ ಅವರ ಧಾರೆ ಸೀರೆ ಉಂಟು, ಕಡು ಕೆಂಪು ರೇಷ್ಮೆ. ಮದುವೆಗೆ ಉಟ್ಟದ್ದು, ನನ್ನ ನಾಮಕರಣಕ್ಕೆ ಉಟ್ಟದ್ದು, ಮತ್ತೆ ಒಳ್ಳೆ ದಿನಕ್ಕೆ ಇರಲಿ ಅಂತ ಮಡಚಿ ಇಟ್ಟದ್ದು. ನಾನು ಮಡಿಕೆ ಬಿಚ್ಚಿದ್ದೇ ಉದ್ದಕ್ಕೆ ನಾಲ್ಕು ಕಡೆ ಬಿಟ್ಟಿತು, ಸರಿ ಮಡಿಕೆಯ ಗೆರೆಯಲ್ಲೇ, ಬ್ಲೇಡಲ್ಲಿ ಕೊಯ್ದ ಹಾಗೆ. ಜರಿ ಕಪ್ಪು. ಅಮ್ಮ ಎಂತದೂ ಹೇಳಲಿಲ್ಲ. ಸೆರಗು ಮಾತ್ರ ಚೆಂದ ಉಂಟು, ಅದನ್ನು ಮಡಿಲಲ್ಲಿ ಹಾಕಿ ಕೂತಿದ್ರು.

ಇದಕ್ಕೆ ಏನಾದ್ರೂ ಮಾಡ್ಲಿಕ್ಕಾಗ್ತದಾ?

---

ರಾಯದುರ್ಗ ಟೈಲರ್

ಬಿಟ್ಟ ಜಾಗ ಕೂಡಲ್ಲ ಸಾರ್, ಮಡಿಕೇಲಿ ರೇಷ್ಮೆ ಎಳೇನೇ ಮುರಿದಿರ್ತೈತೆ. ಆದ್ರೆ ಮಡಿಕೆ ಮಡಿಕೆ ನಡುವೆ ಒಂದೊಂದು ಪಟ್ಟಿ ಗಟ್ಟಿ ಇರುತ್ತೆ. ಹೆಬ್ಬೆರಳ ಪರೀಕ್ಷೆ ಮಾಡಿ, ಗಟ್ಟಿ ಇರೋದನ್ನ ಕತ್ತರಿಸಿ ಕಾಟನ್ ಲೈನಿಂಗ್ ಕೊಟ್ಟರೆ ಸಣ್ಣ ಮಗೂಗೆ ಲಂಗ ಆಗ್ತೈತೆ. ಸೆರಗು ಹಂಗೇ ಇಡ್ರಿ. ಲೈನಿಂಗ್ ಇಲ್ದೆ ಹೊಲಿಯೋಕೆ ಯಾರಾದ್ರೂ ಒಪ್ಕೊಂಡ್ರೆ ಅಲ್ಲಿಂದ ಎದ್ದು ಬನ್ನಿ.

---

ಕುಂಬಳೆ ಟೀಚರ್

ಉಳಿದ ರೇಷ್ಮೆ ಇದ್ರೆ ಮೂರು ನಾಲ್ಕು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಾಯಿಸಿ, ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಇರ್ಬಾರ್ದು. ಪ್ಲಾಸ್ಟಿಕ್ ಕವರಿನಲ್ಲಿ ಇಡ್ಬೇಡಿ, ಹಳೆ ಬಿಳಿ ಮುಂಡಿನಲ್ಲಿ ಸುತ್ತಿ ಇಡಿ. ನುಸಿಗುಳಿಗೆ ಜರಿಗೆ ತಾಗಬಾರ್ದು. ಅಂಗಿಯ ಒಟ್ಟಿಗೆ ಕಾಟನ್ ಮುಂಡು ಯಾವುದಾದ್ರೂ ಹೋಗಿದ್ರೆ ಗೋಣಿಯಿಂದ ವಾಪಸ್ ತೆಗೀರಿ. ಅಮ್ಮನಿಗೆ ಕೇಳಿದೆ ಅಂತ ಹೇಳಿ.

---

ಅಕ್ಕಲಕೋಟದಾಕಿ

ಲಂಗ ಹೊಲದು ಉಳದ ಚೂರ ಬಿಸಾಡಬ್ಯಾಡ್ರಿ. ಕೌದಿ ನಡುವಿನ ಚೌಕಕ್ಕ ಆಗ್ತದ. ರೇಷ್ಮಿ ಮ್ಯಾಲಿನ ತುಂಡಿಗೆ ನಡೀತದ, ಒಳಗ ಬ್ಯಾಡ.

---

ತೋಟದಮನೆ

ಮಗಳಿಗೆ ಲಂಗ ಅಂತ ತೀರ್ಮಾನ ಆಯ್ತು, ಅಮ್ಮನೇ ಅಳತೆ ತೆಗೀತಾ ಇದ್ದಾರೆ. ಬಿಳಿ ಮುಂಡು ಗೋಣಿಯಿಂದ ವಾಪಸ್ ಬಂತು.

ನಾಳೆ ಮಳೆ ಇಲ್ಲದ್ರೆ ಮದ್ದು ಬಿಡ್ಲಿಕ್ಕುಂಟು, ಮೊದಲ ಮದ್ದು ತಡ ಆದ್ರೆ ಕೊಳೆರೋಗ ಕಾಯ್ತಾ ಇರ್ತದೆ. ಹಳೆ ಮದ್ದಿನ ಅಂಗಿ ಪರ್ ಅಂತ ಹೋಯ್ತಲ್ಲ, ಅದಕ್ಕೆ ಹೆಂಡತಿ ಹೊಸದೊಂದು ತೆಗೆದಿಟ್ಟಿದ್ದಾಳೆ. ನೋಡಿದ್ರೆ ನಮ್ಮ ರಿಸೆಪ್ಷನಿಗೆ ಹಾಕಿದ ಕ್ರೀಮ್ ಕಲರಿನ ಅಂಗಿ. ಹನ್ನೊಂದು ವರ್ಷದಿಂದ ಹಾಕಲಿಲ್ಲ, ಎರಡು ವರ್ಷದ ರೂಲ್ ಅಲ್ವಾ ಅಂತ ಹೇಳ್ತಾಳೆ.

---

ಕುಂಬಳೆ ಟೀಚರ್

ಫುಲ್ ಕೈಯಾ ಹಾಫ್ ಕೈಯಾ?

---

ತೋಟದಮನೆ

ಫುಲ್ ಕೈ.

---

ಕುಂಬಳೆ ಟೀಚರ್

ಹಾಗಾದ್ರೆ ಅವರು ಸರಿಯಾದ್ದನ್ನೇ ತೆಗೆದಿದ್ದಾರೆ. ಮದ್ದು ಬಿಡ್ಲಿಕ್ಕೆ ಫುಲ್ ಕೈಯೇ ಬೇಕು. ಬಂದ ಮೇಲೆ ಬೇರೆ ಬಟ್ಟೆಯ ಒಟ್ಟಿಗೆ ನೆನೆಸ್ಬೇಡಿ.